ಬಣ್ಣದ ಪಟ್ಟಿಯೂ ಬಿಸಿಲಿನ ಲೆಕ್ಕವೂ

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವರ್ತಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ. ಕೇಳಿದವರ ಅಪೇಕ್ಷೆಯಂತೆ ಇಲ್ಲಿ ಅಚ್ಚುಮಾಡಿದೆ.)



ಲೋಕದ ತಾಪ ಏರುತ್ತಿದೆ. ಅದನ್ನು ಜನರಿಗೆ ತಿಳಿಯಹೇಳುವುದು ಹೇಗೆ, ತಿಳಿದ ಮೇಲೆ ಮಾಡಬೇಕಾದ್ದೇನು ಎಂಬುದೇ ಈ ಸಂಜೆಯ ವಿಷಯ. ಹೆಸರು ಕೇಳಿದೊಡನೆ ಕೆಲವರು ‘ಇದು ವಿಜ್ಞಾನಿಗಳ ಮಾತು, ನಮಗೇಕೆ?’ ಎಂದುಕೊಂಡಿರಬಹುದು. ಇನ್ನು ಕೆಲವರು ‘ಕೂಲಿ, ಬೋನಸ್ಸುಗಳ ಮಾತು ಬಿಟ್ಟು ಬಿಸಿಲಿನ ಮಾತೇಕೆ?’ ಎಂದು ನೇರವಾಗಿ ಕೇಳಿಯೂ ಇದ್ದಾರೆ. ಕೇಳಿದ್ದು ಒಳ್ಳೆಯದೇ ಆಯಿತು. ಬಿಸಿಲಿನ ಮಾತು ಕೂಲಿಯ ಮಾತೇ ಎಂಬುದನ್ನು ತೋರಿಸುವುದಕ್ಕಾಗಿಯೇ ನಾವು ಇಲ್ಲಿ ನಿಂತಿದ್ದೇವೆ.

ನಮ್ಮ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇವೆ. ವಿಜ್ಞಾನ ಲೆಕ್ಕ ಕೊಡುತ್ತದೆ. ಕಲೆ ಆ ಲೆಕ್ಕವನ್ನು ಕಣ್ಣಿಗೂ ಕಿವಿಗೂ ಮುಟ್ಟಿಸುತ್ತದೆ. ಆದರೆ ಲೆಕ್ಕವನ್ನು ವಸೂಲು ಮಾಡಬೇಕಾದ್ದು ಸಂಘಟನೆ. ಈ ಮೂರರಲ್ಲಿ ಮೊದಲ ಎರಡು ಈಗಾಗಲೇ ಬಹಳ ಮುಂದೆ ಹೋಗಿವೆ. ಮೂರನೆಯದು ಹಿಂದೆ ಬಿದ್ದಿದೆ, ಮತ್ತು ಮೂರನೆಯದು ನಮ್ಮ ಪಾಲಿನ ಕೆಲಸ.

ಲೆಕ್ಕ ಹಳೆಯದು

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್, ಹಳೆಯ ಪಾಠಪುಸ್ತಕಗಳ ಮಾತಿನಲ್ಲಿ ಹೇಳುವುದಾದರೆ ಇಂಗಾಲಾಮ್ಲ ವಾಯು, ಬಿಸಿಯನ್ನು ಹಿಡಿದಿಡುತ್ತದೆ. ಇದು ನಿನ್ನೆ ಮೊನ್ನೆ ಕಂಡುಹಿಡಿದ ಸಂಗತಿಯಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ವಾಯುಗಳನ್ನು ತುಂಬಿ ಬಿಸಿಲಿಗಿಟ್ಟು, ಒಳಗೆ ಉಷ್ಣಮಾಪಕವಿರಿಸಿ ನೋಡಿದರು. ಇಂಗಾಲಾಮ್ಲ ತುಂಬಿದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾಯಿತು, ಆರುವುದಕ್ಕೂ ಹೆಚ್ಚು ಹೊತ್ತು ಹಿಡಿಯಿತು. 1859ರಲ್ಲಿ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಇದನ್ನು ಇನ್ನೂ ನಿಖರವಾಗಿ ಅಳೆದರು. 1896ರಲ್ಲಿ ಸ್ವೀಡನ್ನಿನ ಅರ್ಹೇನಿಯಸ್, ಗಾಳಿಯಲ್ಲಿ ಈ ವಾಯು ಇಮ್ಮಡಿಯಾದರೆ ಭೂಮಿ ಎಷ್ಟು ಕಾಯಬಹುದೆಂದು ಕೈಬರಹದಲ್ಲೇ ಗುಣಿಸಿ ನೋಡಿದರು.

1958ರಿಂದ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಈ ವಾಯುವಿನ ಪ್ರಮಾಣವನ್ನು ಅಳೆದು ಬರೆಯುತ್ತಾ ಬಂದಿದ್ದಾರೆ. ಯಂತ್ರಯುಗಕ್ಕೆ ಮೊದಲು ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 280 ಪಾಲು ಇದ್ದದ್ದು, 1958ರಲ್ಲಿ ಸುಮಾರು 315 ಆಗಿತ್ತು. 2024ರ ಹೊತ್ತಿಗೆ 420ನ್ನು ದಾಟಿತ್ತು. ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಸುಟ್ಟದ್ದರ ಫಲ ಇದು. 2024 ಮುಗಿದಾಗ, 2015ರಿಂದ 2024ರವರೆಗಿನ ಹತ್ತು ವರ್ಷಗಳೇ ಅಲ್ಲಿಯವರೆಗಿನ ಲೋಕದ ದಾಖಲೆಯಲ್ಲಿ ಅತಿ ಬಿಸಿಯಾದ ಹತ್ತು ವರ್ಷಗಳಾಗಿದ್ದವು. 2024ರಲ್ಲಿ ಲೋಕದ ಸರಾಸರಿ ತಾಪ ಯಂತ್ರಯುಗಕ್ಕೆ ಮುಂಚಿನದಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತೆಂದು ವಿಶ್ವ ಹವಾಮಾನ ಸಂಸ್ಥೆ ಲೆಕ್ಕಹಾಕಿದೆ. ನಮ್ಮ ದೇಶದಲ್ಲೂ 1901ರಿಂದೀಚೆಗೆ ಅತಿ ಬಿಸಿಯಾದ ವರ್ಷ ಅದೇ.

ಹೀಗೆ ಲೆಕ್ಕ ತಯಾರಾಗಿ ನೂರು ವರ್ಷಗಳ ಮೇಲಾಯಿತು. ಆದರೂ ಜನರನ್ನು ಮುಟ್ಟಲಿಲ್ಲವೇಕೆ? ತರಕಾರಿ ಮಾರುವ ತಾಯಿಗೆ ‘ಒಂದೂವರೆ ಡಿಗ್ರಿ ಏರಿದೆ’ ಎಂದರೆ ಅವಳು ನಗುತ್ತಾಳೆ. ಬೆಳಿಗ್ಗೆ ಗಾಡಿ ಹೂಡುವಾಗಿಗೂ ಮಧ್ಯಾಹ್ನಕ್ಕೂ ನಡುವೆ ಹತ್ತು ಹನ್ನೆರಡು ಡಿಗ್ರಿ ಏರುವುದನ್ನು ಅವಳು ದಿನವೂ ಮೈಮೇಲೆ ಕಂಡವಳು. ಅವಳ ನಗುವಿನಲ್ಲಿ ತಪ್ಪಿಲ್ಲ, ನಾವು ಹೇಳಿದ ರೀತಿಯಲ್ಲಿ ತಪ್ಪಿದೆ. ಅದನ್ನೇ ಹೀಗೆ ಹೇಳಿ ನೋಡಿ: ‘ಅಮ್ಮಾ, ಮಗುವಿನ ಮೈ ಬಿಸಿ 37 ಇದ್ದದ್ದು 38.5ಕ್ಕೆ ಬಂದರೆ ಏನೆನ್ನುತ್ತೀ?’ ಜ್ವರ ಎನ್ನುತ್ತಾಳೆ. ಅದೇ ಒಂದೂವರೆ ಡಿಗ್ರಿ. ಭೂಮಿಗೂ ಹಾಗೆಯೇ. ಒಂದು ದಿನದ ಏರಿಳಿತದ ಮಾತು ಬೇರೆ, ಇಡೀ ದೇಹದ ಸರಾಸರಿ ಏರಿ ಅಲ್ಲೇ ನಿಂತರೆ ಅದರ ಮಾತು ಬೇರೆ.

ಇಷ್ಟನ್ನು ಹೇಳಲು ಒಂದು ಹೋಲಿಕೆ ಬೇಕಾಯಿತು. ಹೋಲಿಕೆ ಹುಡುಕುವುದು, ಕಾಣದ್ದನ್ನು ಕಾಣಿಸುವುದು ಕಲೆಯ ಕೆಲಸ. ಲೆಕ್ಕಕ್ಕೆ ಕಲೆ ಬೇಕು ಎಂದು ನಾವು ಹೇಳುವುದು ಇದಕ್ಕಾಗಿ.

ಸೂಜಿ ಕಡ್ಡಿಯಿಂದ ಬಂದ ಚಿತ್ರ

ನೂಲು ಹಿಡಿದು ಬದುಕುವ ನಿಮಗೆ ಹೆಮ್ಮೆ ತರಬೇಕಾದ ಸಂಗತಿಯೊಂದನ್ನು ಈಗ ಹೇಳುತ್ತೇವೆ. ತಾಪದ ಲೆಕ್ಕವನ್ನು ಕಣ್ಣಿಗೆ ಕಟ್ಟುವಂತೆ ಮಾಡಿದವುಗಳಲ್ಲಿ ಕೆಲವು ಮುಖ್ಯ ಕೆಲಸಗಳು ನಡೆದದ್ದು ನೂಲಿನಿಂದ.

2015ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾನಿಲಯದ ಜೋನ್ ಶೆಲ್ಡನ್ ಎಂಬ ಸಮುದ್ರ ವಿಜ್ಞಾನಿ ಕೊರಳಿಗೆ ಸುತ್ತುವ ಒಂದು ಉದ್ದನೆಯ ವಸ್ತ್ರ ಮಾಡಿದರು. ಅದರಲ್ಲಿ ಒಟ್ಟು 400 ಸಾಲುಗಳು, ವರ್ಷಕ್ಕೊಂದು ಸಾಲು. ತಂಪಿನ ವರ್ಷಕ್ಕೆ ನೀಲಿ, ನಡುವಿನದಕ್ಕೆ ನೇರಳೆ, ಬಿಸಿಯ ವರ್ಷಕ್ಕೆ ಕೆಂಪು. 2017ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾನಿಲಯದ ಹವಾಮಾನ ವಿಜ್ಞಾನಿ ಎಲ್ಲಿ ಹೈವುಡ್ ಕ್ರೋಶಾ ಕಡ್ಡಿ ಹಿಡಿದು ಇದೇ ಬಗೆಯ ಕಂಬಳಿಯೊಂದನ್ನು ಹೆಣೆದರು. ಅದರಲ್ಲಿಯೂ ಪ್ರತಿ ವರ್ಷದ ತಾಪಕ್ಕೆ ತಕ್ಕ ಬಣ್ಣದ ನೂಲು. ಕೋಷ್ಟಕದಲ್ಲಿ ಸತ್ತಂತೆ ಬಿದ್ದಿದ್ದ ಅಂಕಿಗಳು ಹೆಂಗಸರ ಕೈಯಲ್ಲಿ ಹೊದೆಯುವ ವಸ್ತುವಾದವು.

2018ರ ಮೇ ತಿಂಗಳಲ್ಲಿ ಅದೇ ರೆಡಿಂಗ್ ವಿಶ್ವವಿದ್ಯಾನಿಲಯದ ಎಡ್ ಹಾಕಿನ್ಸ್ ಎಂಬ ವಿಜ್ಞಾನಿ ಒಂದು ಚಿತ್ರವನ್ನು ಹೊರತಂದರು. ಅದು ಲೋಕವೆಲ್ಲ ಹರಡಿತು. ಚಿತ್ರ ಬಹು ಸರಳ. ಸೀರೆಯ ಪಟ್ಟೆಗಳಂತೆ ನೆಟ್ಟಗೆ ನಿಂತ ಪಟ್ಟಿಗಳು, ಒಂದೊಂದು ವರ್ಷಕ್ಕೆ ಒಂದೊಂದು. ಎಡದಿಂದ ಬಲಕ್ಕೆ ಕಾಲ ನಡೆಯುತ್ತದೆ. ಸರಾಸರಿಗಿಂತ ತಂಪಾದ ವರ್ಷ ನೀಲಿ, ಬಿಸಿಯಾದದ್ದು ಕೆಂಪು, ಹೆಚ್ಚು ಬಿಸಿಯಾದದ್ದು ಕಡುಗೆಂಪು. ಅಂಕಿಯಿಲ್ಲ, ಅಕ್ಷರವಿಲ್ಲ, ಗೆರೆಯಿಲ್ಲ. ಇಡೀ ಲೋಕದ ಚಿತ್ರ 1850ರಿಂದ ಆರಂಭವಾಗುತ್ತದೆ. ಎಡಗಡೆಯಲ್ಲಿ ನೀಲಿ, ನಡುವೆ ನೀಲಿಗೂ ಕೆಂಪಿಗೂ ತಿಕ್ಕಾಟ, ಬಲಗಡೆಗೆ ಬಂದಂತೆ ಬರೀ ಕೆಂಪು. ಓದು ಬರಹ ಬಾರದ ಮುದುಕರೂ ಅದನ್ನು ನೋಡಿ ‘ಬೆಂಕಿ ಹತ್ತಿಕೊಳ್ಳುತ್ತಾ ಬಂದಂತಿದೆ’ ಎನ್ನಬಲ್ಲರು. 2019ರಲ್ಲಿ ಬೇರೆ ಬೇರೆ ದೇಶಗಳ ಪಟ್ಟಿಗಳನ್ನೂ ಯಾರು ಬೇಕಾದರೂ ಪಡೆಯುವಂತೆ ಬಿಟ್ಟುಕೊಟ್ಟರು. ಭಾರತದ ಪಟ್ಟಿಯೂ ಅದರಲ್ಲಿದೆ.

ಈ ಚಿತ್ರದ ಬಲ ಎಲ್ಲಿದೆ ಎಂಬುದನ್ನು ಚೆನ್ನಾಗಿ ಗಮನಿಸಬೇಕು. ಅದರಲ್ಲಿ ಒಂದು ಬಣ್ಣವೂ ಕಟ್ಟುಕಥೆಯಲ್ಲ. ಚಿತ್ರಕಾರನಿಗೆ ಇಷ್ಟವಾಯಿತೆಂದು ಯಾವ ಪಟ್ಟಿಯೂ ಕೆಂಪಾಗಿಲ್ಲ. ಹಡಗುಗಳಲ್ಲಿ, ಬಂದರುಗಳಲ್ಲಿ, ಹವಾಮಾನ ಕಚೇರಿಗಳಲ್ಲಿ ಸಾವಿರಾರು ಜನ ದಿನದಿನವೂ ಉಷ್ಣಮಾಪಕ ನೋಡಿ ಬರೆದಿಟ್ಟ ಅಂಕಿಗಳು ಆ ಬಣ್ಣದ ಹಿಂದಿವೆ. ನಮ್ಮ ದೇಶದ ಹವಾಮಾನ ಇಲಾಖೆ ಆರಂಭವಾದದ್ದು 1875ರಲ್ಲಿ. ಅಂದಿನಿಂದ ಅಂಕಿ ಬರೆದ ಗುಮಾಸ್ತರು, ವೀಕ್ಷಕರು ಎಷ್ಟು ಮಂದಿಯೋ, ಅವರ ಹೆಸರು ಯಾರಿಗೂ ಗೊತ್ತಿಲ್ಲ. ಆ ದುಡಿಮೆ ಇಲ್ಲದಿದ್ದರೆ ಈ ಚಿತ್ರವೂ ಇಲ್ಲ.

ಸಂಗೀತದಲ್ಲೂ ಇಂಥ ಪ್ರಯತ್ನ ನಡೆದಿದೆ. 2013ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಡೇನಿಯಲ್ ಕ್ರಾಫರ್ಡ್, 1880ರಿಂದ ಮುಂದಿನ ಒಂದೊಂದು ವರ್ಷದ ತಾಪಕ್ಕೆ ಒಂದೊಂದು ಸ್ವರವನ್ನು ಗೊತ್ತುಮಾಡಿ, ಚೆಲ್ಲೋ ಎಂಬ ದೊಡ್ಡ ಪಿಟೀಲಿನ ಮೇಲೆ ನುಡಿಸಿದರು. ಕೆಳಗಿನ ಶ್ರುತಿಯಲ್ಲಿ ಹೊರಟ ವಾದ್ಯ ಕೊನೆಗೆ ಕಿವಿಗೆ ಚುಚ್ಚುವಷ್ಟು ಮೇಲಕ್ಕೇರುತ್ತದೆ. ಭಜನೆಯಲ್ಲಿ ಹಾರ್ಮೋನಿಯಂ ಹಿಡಿಯುವ ನಮ್ಮ ಬಂಧುಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನೋಡಿದ್ದಷ್ಟರಿಂದಲೇ ಆಗದು

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡೋಣ. 2015ರ ಡಿಸೆಂಬರಿನಲ್ಲಿ ಪ್ಯಾರಿಸ್ ನಗರದಲ್ಲಿ ಲೋಕದ ಸರಕಾರಗಳೆಲ್ಲ ಕೂಡಿ ಹವಾಮಾನದ ಒಪ್ಪಂದದ ಮಾತುಕತೆ ನಡೆಸುತ್ತಿದ್ದವು. ಆಗ ಓಲಾಫುರ್ ಎಲಿಯಾಸನ್ ಎಂಬ ಕಲಾವಿದರೂ ಗ್ರೀನ್‌ಲೆಂಡಿನ ಮಿನಿಕ್ ರೋಸಿಂಗ್ ಎಂಬ ಭೂವಿಜ್ಞಾನಿಯೂ ಸೇರಿ, ಗ್ರೀನ್‌ಲೆಂಡಿನ ಕಡಲಿನಿಂದ 12 ದೊಡ್ಡ ಹಿಮದ ಬಂಡೆಗಳನ್ನು ತರಿಸಿ, ಪ್ಯಾಂಥಿಯನ್ ಎದುರಿನ ಚೌಕದಲ್ಲಿ ಗಡಿಯಾರದ ಅಂಕಿಗಳಂತೆ ಇಟ್ಟರು. ಜನ ಬಂದು ಮುಟ್ಟಿದರು, ತಬ್ಬಿದರು, ಕಿವಿಯಿಟ್ಟು ಕೇಳಿದರು. ಸಾವಿರಾರು ವರ್ಷಗಳಿಂದ ಹಿಮದೊಳಗೆ ಸಿಕ್ಕಿದ್ದ ಗಾಳಿಯ ಗುಳ್ಳೆಗಳು ಚಟಪಟ ಒಡೆಯುತ್ತಿದ್ದವು. ಎಲ್ಲರ ಕಣ್ಣೆದುರಿಗೇ ಹಿಮ ಕರಗಿ ನೀರಾಗಿ ಚರಂಡಿ ಸೇರಿತು.

ನೋಡಿದವರ ಮನಸ್ಸು ಕರಗಿರಬೇಕು, ಸಂಶಯವಿಲ್ಲ. ಆ ತಿಂಗಳು 12ರಂದು ಒಪ್ಪಂದವೂ ಆಯಿತು. ತಾಪದ ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗಿಡಬೇಕು, 1.5 ಡಿಗ್ರಿಗೆ ತಡೆಯಲು ಯತ್ನಿಸಬೇಕು ಎಂದು ಬರೆದರು. ಆಮೇಲೆ? 2020ರ ಸಾಂಕ್ರಾಮಿಕದ ವರ್ಷವೊಂದನ್ನು ಬಿಟ್ಟರೆ, ಲೋಕದಲ್ಲಿ ಸುಟ್ಟ ಕಲ್ಲಿದ್ದಲು, ಎಣ್ಣೆ, ಅನಿಲಗಳ ಹೊಗೆ ಏರುತ್ತಲೇ ಹೋಯಿತು. ಹಾಕಿನ್ಸರ ಪಟ್ಟಿಗಳೂ ಕಂಠವಸ್ತ್ರಗಳ ಮೇಲೆ ಬಂದವು, ಕಾಲ್ಚೆಂಡಿನ ಆಟಗಾರರ ಅಂಗಿಯ ಮೇಲೂ ಬಂದವು. ಹೊಗೆ ಬಿಡುವ ಕಂಪನಿಯ ಒಡೆಯನೂ ಆ ಪಟ್ಟಿಯನ್ನು ಎದೆಗೆ ಸಿಕ್ಕಿಸಿಕೊಂಡು ಓಡಾಡಬಹುದು. ಅವನನ್ನು ತಡೆಯುವವರಾರು?

ಇದರಿಂದ ಕಲೆ ದಂಡ ಎಂದು ತಿಳಿಯಬಾರದು. ಕಲೆ ತನ್ನ ಕೆಲಸವನ್ನು ಮಾಡಿದೆ. ನೋಡಿದ ಜನ ‘ಅಯ್ಯೋ’ ಎಂದು ಮನೆಗೆ ಹೋದರೆ ಆ ಕೊರತೆ ಚಿತ್ರದ್ದಲ್ಲ. ನೋಡಿದವರನ್ನು ಕೂಡಿಸಿ, ಏನು ಕೇಳಬೇಕು, ಯಾರನ್ನು ಕೇಳಬೇಕು ಎಂದು ಗೊತ್ತುಮಾಡುವವರು ಅಲ್ಲಿರಬೇಕು.

ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಚಿತ್ರ ತಾನಾಗಿ ಹೇಳುವುದಿಲ್ಲ. ಇಡೀ ಲೋಕದ ಪಟ್ಟಿಯಲ್ಲಿ ಕೆಂಪು ಎಲ್ಲರಿಗೂ ಒಂದೇ. ಆದರೆ ಒಬ್ಬ ಅಮೆರಿಕನ್ನನ ಪಾಲಿಗೆ ವರ್ಷಕ್ಕೆ ಸರಾಸರಿ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಂದರೆ, ಭಾರತೀಯನ ಪಾಲಿಗೆ ಸುಮಾರು 2 ಟನ್. ಆ ಎರಡು ಟನ್ನೂ ನಮ್ಮಲ್ಲಿ ಸಮನಾಗಿ ಹಂಚಿಲ್ಲ. ತಂಪು ಯಂತ್ರದ ಕೋಣೆಯಲ್ಲಿ ಕುಳಿತವನ ಪಾಲೆಷ್ಟು, ತಗಡಿನ ಸೂರಿನಡಿ ಮಲಗುವವನ ಪಾಲೆಷ್ಟು? ಸುಟ್ಟವರು ಒಬ್ಬರು, ಬೇಯುವವರು ಇನ್ನೊಬ್ಬರು. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಮಳೆ ತಪ್ಪಿದರೆ ಬೆಳೆಗೆ ನಷ್ಟ. ರೈತನ ಕೈಯಲ್ಲಿ ಕಾಸಿಲ್ಲದಿದ್ದರೆ ಸಂತೆಯ ದಿನವೂ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುವ ಕೋಲು ಸುಮ್ಮನೆ ಬಿದ್ದಿರುತ್ತದೆ. ಪೇಟೆಯ ಬಂಧುಗಳಿಗೆ ಇದರ ಕಿರ್ದಿ ಚೆನ್ನಾಗಿ ಗೊತ್ತು.

ನಮ್ಮ ಸೀಮೆಯ ಪಾಠ

ಲೆಕ್ಕ, ಕಲೆ, ಸಂಘಟನೆ ಮೂರೂ ಕೂಡಿ ನಡೆದ ಉದಾಹರಣೆಗಳಿಗಾಗಿ ನಾವು ಪ್ಯಾರಿಸಿಗೆ ಹೋಗಬೇಕಾಗಿಲ್ಲ.

1930ರಲ್ಲಿ ಉಪ್ಪಿನ ಕರದ ಲೆಕ್ಕ ಸರಕಾರದ ಪುಸ್ತಕಗಳಲ್ಲಿತ್ತು. ಅದನ್ನು ಓದಿದವರು ಬೆರಳೆಣಿಕೆಯಷ್ಟು ಮಂದಿ. ಗಾಂಧೀಜಿ ಕಡಲ ದಂಡೆಯಲ್ಲಿ ಒಂದು ಹಿಡಿ ಉಪ್ಪೆತ್ತಿದಾಗ ಆ ಲೆಕ್ಕ ಇಡೀ ದೇಶಕ್ಕೆ ಅರ್ಥವಾಯಿತು. ಅದೇ ಏಪ್ರಿಲಿನಲ್ಲಿ ನಮ್ಮ ಅಂಕೋಲೆಯ ಜನರೂ ಉಪ್ಪು ತಯಾರಿಸಿ ಕಾನೂನು ಮುರಿದರು. ಹಿಡಿ ಉಪ್ಪು ಎಲ್ಲರಿಗೂ ಕಾಣುವ ಗುರುತಾಯಿತು. ಆದರೆ ಸೆರೆಮನೆಗೆ ಹೋಗಲು ಸಿದ್ಧರಾದ ಜನ ಅದರ ಹಿಂದೆ ಸಾಲುಗಟ್ಟಿ ನಿಂತಿದ್ದರು ಎಂಬುದನ್ನು ಮರೆಯಬಾರದು.

1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಕಡೆಯ ಸಾಲ್ಕಣಿಯ ಜನ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಎಂದು ಹೆಸರಾದ ಆ ಚಳವಳಿ ಊರೂರಿಗೆ ಹರಡಿದ್ದು ಪಾದಯಾತ್ರೆ, ಯಕ್ಷಗಾನ, ಬೀದಿ ನಾಟಕಗಳ ಮೂಲಕ. ಕಾಡು ಹೋದರೆ ಹಳ್ಳದ ನೀರು ಹೋಗುತ್ತದೆ ಎಂಬ ಶಾಸ್ತ್ರದ ಮಾತನ್ನು ಊರಿನ ಜನ ತಮ್ಮದೇ ಆಟದಲ್ಲಿ, ತಮ್ಮದೇ ಮಾತಿನಲ್ಲಿ ಕೇಳಿದರು.

ಪಕ್ಕದ ಕೇರಳದ ಕಥೆ ಇನ್ನೂ ಪೂರ್ಣವಾದದ್ದು. ಅಲ್ಲಿ 1962ರಲ್ಲಿ, ವಿಜ್ಞಾನವನ್ನು ಮಲಯಾಳದಲ್ಲೇ ಬರೆದು ಜನರಿಗೆ ಮುಟ್ಟಿಸಬೇಕೆಂದು ಕೆಲವು ಲೇಖಕರೂ ವಿಜ್ಞಾನಿಗಳೂ ಸೇರಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತನ್ನು ಕಟ್ಟಿದರು. 1970ರ ದಶಕದಲ್ಲಿ ಸೈಲೆಂಟ್ ವ್ಯಾಲಿ ಕಾಡಿನ ಕುಂತಿ ಹೊಳೆಗೆ ಅಣೆಕಟ್ಟು ಹಾಕಿ ವಿದ್ಯುತ್ ತೆಗೆಯುವ ಯೋಜನೆ ಬಂದಾಗ, ಪರಿಷತ್ತಿನವರು ಬರೀ ‘ಕಾಡು ಚಂದ’ ಎನ್ನುತ್ತ ಕೂರಲಿಲ್ಲ. 1979ರಲ್ಲಿ ಆ ಯೋಜನೆಯ ತಾಂತ್ರಿಕ, ಆರ್ಥಿಕ, ಸಾಮಾಜಿಕ ಮಗ್ಗುಲುಗಳನ್ನೆಲ್ಲ ತೂಗಿ ಒಂದು ವರದಿ ಬರೆದರು. ‘ನಮಗೆ ವಿದ್ಯುತ್ ಬೇಕು, ಕೆಲಸ ಬೇಕು’ ಎಂಬ ಜನರ ಕೂಗು ಸುಳ್ಳಾಗಿರಲಿಲ್ಲ. ಆದ್ದರಿಂದ ವಿದ್ಯುತ್ತಿಗೆ ಬೇರೆ ದಾರಿ ಯಾವುದೆಂಬುದಕ್ಕೂ ಅವರು ಉತ್ತರ ಹುಡುಕಬೇಕಾಯಿತು. ಅದೇ ಹೊತ್ತಿಗೆ ಸುಗತಕುಮಾರಿಯವರೇ ಮೊದಲಾದ ಕವಿಗಳು ಕಾಡಿನ ಪರವಾಗಿ ಕವಿತೆ ಬರೆದರು, ಸಭೆ ಸಭೆಗಳಲ್ಲಿ ಓದಿದರು. 1980ರಿಂದ ಪರಿಷತ್ತು ಶಾಸ್ತ್ರ ಕಲಾ ಜಾಥಾ ಹೊರಡಿಸಿತು. ಹಾಡು, ಕುಣಿತ, ಚಿಕ್ಕ ನಾಟಕಗಳೊಂದಿಗೆ ಊರೂರ ಮೂಲೆಯಲ್ಲಿ ನಿಂತು ವಿಜ್ಞಾನ ಹೇಳಿದರು. ಖರ್ಚಿಗೆ ಯಾವ ಸಾಹುಕಾರನನ್ನೂ ಬೇಡಲಿಲ್ಲ. ಜನರಿಗೆ ಪುಸ್ತಕ ಮಾರಿ ಹಣ ಕೂಡಿಸಿದರು. 1983ರಲ್ಲಿ ಅಣೆಕಟ್ಟಿನ ಯೋಜನೆ ಕೈಬಿಟ್ಟಿತು, 1984ರಲ್ಲಿ ಆ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು.

ವರದಿಯೊಂದೇ ಇದ್ದಿದ್ದರೆ ಯಾವುದೋ ಕಪಾಟಿನಲ್ಲಿ ಧೂಳು ಹಿಡಿಯುತ್ತಿತ್ತು. ಕವಿತೆಯೊಂದೇ ಇದ್ದಿದ್ದರೆ ‘ಕವಿಗಳಿಗೇನು ಗೊತ್ತು ವಿದ್ಯುತ್ತಿನ ವಿಷಯ’ ಎಂದು ತಳ್ಳಿಹಾಕುತ್ತಿದ್ದರು. ಎರಡೂ ಕೂಡಿ, ಹಿಂದೆ ಜನ ನಿಂತದ್ದರಿಂದ ಸರಕಾರ ಹಿಂಜರಿಯಿತು.

ಬಣ್ಣ ಆಜ್ಞೆಯಾದ ಊರು

ಈಗ ಗಿರಣಿಗಳ ಊರೊಂದಕ್ಕೆ ಬರೋಣ. ಅಹಮದಾಬಾದು. 1920ರಲ್ಲಿ ಗಾಂಧೀಜಿಯ ಮಾರ್ಗದರ್ಶನದಲ್ಲಿ ಅಲ್ಲಿನ ಗಿರಣಿ ಕಾರ್ಮಿಕರು ಮಜೂರ್ ಮಹಾಜನ ಸಂಘ ಕಟ್ಟಿದರು. ಆ ಸಂಘದ ಮಹಿಳಾ ವಿಭಾಗದಿಂದಲೇ 1972ರಲ್ಲಿ ಇಳಾ ಭಟ್ಟರ ನೇತೃತ್ವದಲ್ಲಿ ‘ಸೇವಾ’ ಎಂಬ ದುಡಿಯುವ ಹೆಂಗಸರ ಸಂಘ ಹುಟ್ಟಿತು.

2010ರ ಮೇ ತಿಂಗಳಲ್ಲಿ ಆ ಊರಿನ ತಾಪ 46.8 ಡಿಗ್ರಿ ಮುಟ್ಟಿತು. ಆ ಒಂದು ತಿಂಗಳಲ್ಲಿ, ಹಿಂದಿನ ವರ್ಷಗಳ ಮೇ ತಿಂಗಳಿಗೆ ಹೋಲಿಸಿದರೆ 1,300ಕ್ಕೂ ಹೆಚ್ಚು ಮಂದಿ ಅಧಿಕವಾಗಿ ಸತ್ತರೆಂದು ಆಮೇಲೆ ಸಂಶೋಧಕರು ಲೆಕ್ಕ ತೆಗೆದರು. ಇದನ್ನೂ ಗಮನಿಸಿ. ಬಿಸಿಲಿನಿಂದ ಸತ್ತವರ ಮರಣಪತ್ರದಲ್ಲಿ ಬಿಸಿಲು ಎಂದು ಬರೆಯುವುದು ಅಪರೂಪ. ಹೃದಯ ನಿಂತಿತು, ವಾಂತಿಯಾಯಿತು, ವಯಸ್ಸಾಗಿತ್ತು ಎಂದು ಬರೆಯುತ್ತಾರೆ. ಕೂಡಿಸಿ ಕಳೆದು ನೋಡಿದಾಗ ಮಾತ್ರ ಕೊಲೆಗಾರ ಸಿಕ್ಕುತ್ತಾನೆ.

2013ರಲ್ಲಿ ಅಲ್ಲಿನ ನಗರಸಭೆ ವಿಜ್ಞಾನಿಗಳ ಜೊತೆ ಸೇರಿ ಬಿಸಿಲಿನ ಕಾರ್ಯಯೋಜನೆಯನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯದಲ್ಲಿ ಯಾವ ನಗರವೂ ಅದಕ್ಕೆ ಮುಂಚೆ ಹಾಗೆ ಮಾಡಿರಲಿಲ್ಲ. ಅದರಲ್ಲಿಯೂ ಬಣ್ಣವೇ ಮುಖ್ಯ: 41 ಡಿಗ್ರಿ ದಾಟಿದರೆ ಹಳದಿ, 43 ದಾಟಿದರೆ ಕಿತ್ತಳೆ, 45ಕ್ಕೆ ಮುಟ್ಟಿದರೆ ಕೆಂಪು. ಆದರೆ ಈ ಕೆಂಪು ನೋಡಿ ‘ಅಯ್ಯೋ’ ಎನ್ನುವ ಕೆಂಪಲ್ಲ. ಕೆಂಪೆಂದರೆ ಆಸ್ಪತ್ರೆಗಳು ಸಿದ್ಧವಿರಬೇಕು, ಕುಡಿಯುವ ನೀರಿನ ಅರವಟ್ಟಿಗೆಗಳು ತೆರೆಯಬೇಕು, ಊರಿಗೆಲ್ಲ ಎಚ್ಚರಿಕೆ ಹೋಗಬೇಕು. ಯಾವ ಬಣ್ಣಕ್ಕೆ ಯಾರು ಏನು ಮಾಡಬೇಕೆಂದು ಹೆಸರು ಹಿಡಿದು ಬರೆದಿದ್ದಾರೆ. ಗೋಡೆಗಳ ಮೇಲೆ, ಕರಪತ್ರಗಳಲ್ಲಿ ಚಿತ್ರ ಬಿಡಿಸಿ ಜನರಿಗೆ ತಿಳಿಸಿದರು. 2017ರಿಂದ ಬಡವರ ಕೇರಿಗಳ ಸಾವಿರಾರು ಸೂರುಗಳಿಗೆ ಬಿಳಿ ಸುಣ್ಣ ಬಳಿದರು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ಒಳಗಿನ ಸೆಕೆ ಕೆಲವು ಡಿಗ್ರಿ ತಗ್ಗುತ್ತದೆ. ಮುಂದಿನ ವರ್ಷಗಳ ಸಾವಿನ ಲೆಕ್ಕ ನೋಡಿದ ಸಂಶೋಧಕರು, ಈ ಯೋಜನೆಯಿಂದ ಬಹಳ ಜೀವಗಳು ಉಳಿದಿವೆಯೆಂದು ಕಂಡರು. 2023ರಲ್ಲಿ ‘ಸೇವಾ’ದವರು ಗುಜರಾತಿನ ಸುಮಾರು 21,000 ಹೆಂಗಸರಿಗೆ ಬಿಸಿಲಿನ ವಿಮೆಯನ್ನೂ ಮಾಡಿಸಿದರು. ತಾಪ ಗೊತ್ತಾದ ಅಂಕಿ ದಾಟಿದರೆ ದುಡಿಮೆ ತಪ್ಪಿದ್ದಕ್ಕೆ ಹಣ ಬರಬೇಕು ಎಂಬುದು ಅದರ ಕರಾರು.

ಚಿತ್ರದ ಬಣ್ಣ ಇಲ್ಲಿ ಆಜ್ಞೆಯಾಯಿತು, ಸುಣ್ಣವಾಯಿತು, ಕೈಗೆ ಬರುವ ಹಣವಾಯಿತು. ನಾವು ಹಿಡಿಯಬೇಕಾದ ದಾರಿ ಇದು.

ನಮ್ಮ ಊರಿನಲ್ಲಿ ಮಾಡಬೇಕಾದ್ದು

ಮಗ್ಗದ ಖಾತೆಯಲ್ಲಿ, ನೂಲಿನ ಖಾತೆಯಲ್ಲಿ ದುಡಿಯುವವರಿಗೆ ಒಂದು ಮಾತು ಕೇಳುತ್ತೇವೆ. ಗಾಳಿ ಒಣಗಿದರೆ ನೂಲು ಕಡಿಯುತ್ತದೆ. ಹಾಗಾಗಬಾರದೆಂದು ಖಾತೆಯೊಳಗೆ ನೀರಿನ ತುಂತುರು ಬಿಟ್ಟು ತೇವ ಹಿಡಿದಿಡುತ್ತಾರೆ. ತೇವ ಎಷ್ಟಿದೆಯೆಂದು ನೋಡಲು ಜೋಡಿ ಉಷ್ಣಮಾಪಕ ತೂಗುಹಾಕುತ್ತಾರೆ. ಒಂದು ಒಣಗಿದ್ದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ. ಆದರೆ ಮನುಷ್ಯನ ಮೈ ತಣ್ಣಗಾಗುವುದು ಬೆವರು ಆರುವುದರಿಂದ. ತೇವ ಹೆಚ್ಚಾದಷ್ಟೂ ಬೆವರು ಆರುವುದಿಲ್ಲ. ಒದ್ದೆ ಬಟ್ಟೆಯ ಉಷ್ಣಮಾಪಕ 35 ಡಿಗ್ರಿ ತೋರಿಸುವ ಕಡೆ, ನೆರಳಲ್ಲಿ ಸುಮ್ಮನೆ ಕುಳಿತ ಗಟ್ಟಿಮುಟ್ಟಾದ ಆಳೂ ಹೆಚ್ಚು ಗಂಟೆ ಬದುಕಲಾರ ಎಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕಹಾಕಿದರು. ಆಮೇಲಿನ ಪ್ರಯೋಗಗಳಲ್ಲಿ ಅಪಾಯ ಅದಕ್ಕೂ ಕೆಳಗೇ ಶುರುವಾಗುವುದು ಕಂಡಿತು. ಕುಳಿತವನ ಪಾಡೇ ಇದಾದರೆ, ಎಂಟು ಗಂಟೆ ನಿಂತು ದುಡಿಯುವವನ ಪಾಡೇನು? ನೂಲಿಗಾಗಿ ತೂಗುಹಾಕಿದ ಆ ಉಷ್ಣಮಾಪಕವನ್ನು ಮನುಷ್ಯನಿಗಾಗಿ ಓದುವವರು ಯಾರು?

ನಾವೇ ಓದಬೇಕು. ಆದ್ದರಿಂದ ಮೂರು ಕೆಲಸಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು ಲೆಕ್ಕದ ಪುಸ್ತಕ. ಪ್ರತಿ ಪಾಳಿಯಲ್ಲಿ ಒಬ್ಬ ಸಂಗಾತಿ ಗೊತ್ತಾದ ಹೊತ್ತಿಗೆ ಎರಡೂ ಉಷ್ಣಮಾಪಕಗಳನ್ನು ನೋಡಿ ಬರೆಯಬೇಕು. ಸಂಘದ ಕಚೇರಿಯ ಹೊರಗೆ ಇನ್ನೊಂದು ಉಷ್ಣಮಾಪಕ ಬೇಕು. ಅದು ನೆರಳಿನಲ್ಲಿ, ಗಾಳಿಯಾಡುವ ಕಡೆ, ಗೋಡೆಗೆ ತಾಗದೆ, ಎದೆಯೆತ್ತರದಲ್ಲಿರಲಿ. ಯಾರಿಗೆ ತಲೆಸುತ್ತು ಬಂತು, ಯಾರು ಕುಸಿದುಬಿದ್ದರು, ಯಾವ ಖಾತೆ, ಎಷ್ಟು ಹೊತ್ತಿಗೆ ಎಂಬುದನ್ನೂ ಅದೇ ಪುಟದಲ್ಲಿ ಬರೆಯಬೇಕು. ಒಂದು ಡಿಗ್ರಿಯನ್ನೂ ಹೆಚ್ಚಿಗೆ ಬರೆಯಕೂಡದು. ಒಂದು ಸುಳ್ಳು ಅಂಕಿ ಸಿಕ್ಕಿಬಿದ್ದರೆ ನೂರು ನಿಜದ ಅಂಕಿಗಳು ಮಾಲೀಕನ ವಕೀಲನ ಕೈಗೆ ಹೋಗುತ್ತವೆ.

ಎರಡನೆಯದು ಬಟ್ಟೆ. ಮನೆಯಲ್ಲಿ ಮಗ್ಗವಿರುವ ನೇಕಾರ ಬಂಧುಗಳು, ಕ್ರೋಶಾ ಬಲ್ಲ ತಾಯಂದಿರು ಕೂಡಿ ಉಳಿಕೆಯ ನೂಲಿನಿಂದ ದಿನಕ್ಕೊಂದು ಸಾಲು ಹಾಕಲಿ. ಹೊರಗಿನ ಹಗಲು ತಾಪ 28 ಡಿಗ್ರಿಯೊಳಗಿದ್ದರೆ ಕಡುನೀಲಿ, 31ರೊಳಗೆ ತಿಳಿನೀಲಿ, 34ರೊಳಗೆ ಹಳದಿ, 37ರೊಳಗೆ ಕಿತ್ತಳೆ, 40ರೊಳಗೆ ಕೆಂಪು, ಅದಕ್ಕೂ ಮೇಲಾದರೆ ಕಡುಗೆಂಪು. ಯಾರಾದರೂ ಕುಸಿದುಬಿದ್ದ ದಿನ ಆ ಸಾಲಿನ ಅಂಚಿಗೆ ಒಂದು ಕಪ್ಪು ಗಂಟು. ವರ್ಷ ತುಂಬಿದಾಗ 365 ಸಾಲಿನ ಬಾವುಟವಾಗುತ್ತದೆ. ಒಂದು ಎಚ್ಚರಿಕೆಯ ಮಾತು: ಒಂದು ವರ್ಷದ ಬಿಸಿಲಿನಿಂದ ಲೋಕದ ತಾಪ ಏರಿತೆಂದು ಸಿದ್ಧವಾಗುವುದಿಲ್ಲ. ಅದಕ್ಕೆ ಹತ್ತಾರು ವರ್ಷಗಳ ಸರಾಸರಿ ಬೇಕು. ಆದ್ದರಿಂದ ನಮ್ಮ ಬಾವುಟದ ಪಕ್ಕದಲ್ಲಿ ಭಾರತದ ನೂರು ವರ್ಷಕ್ಕೂ ಮೀರಿದ ಪಟ್ಟಿಯನ್ನು ಗೋಡೆಯ ಮೇಲೆ ಬರೆಸೋಣ. ದೊಡ್ಡ ಪಟ್ಟಿ ಕಾಲದ ಮಾತು ಹೇಳುತ್ತದೆ, ಚಿಕ್ಕದು ನಮ್ಮ ಮೈಯ ಮಾತು ಹೇಳುತ್ತದೆ. ಲಾವಣಿ ಕಟ್ಟಬಲ್ಲವರು, ಗೀಗೀ ಪದ ಹಾಡುವವರು ನಮ್ಮ ನಡುವೆಯೇ ಇದ್ದಾರೆ. ಆ ಗಂಟುಗಳ ಕಥೆಯನ್ನು ಅವರು ಹಾಡಲಿ.

ಮೂರನೆಯದು ಬೇಡಿಕೆ. ಗಾಳಿ ಬೆಳಕು, ತಾಪ, ಕೃತಕ ತೇವ ಇವುಗಳಿಗೆ ಮಿತಿ ಬೇಕೆಂದು 1948ರ ಕಾರ್ಖಾನೆ ಕಾಯಿದೆಯಲ್ಲೇ ಬರೆದಿದ್ದರು. 250ಕ್ಕಿಂತ ಹೆಚ್ಚು ಆಳುಗಳಿರುವಲ್ಲಿ ಬೇಸಗೆಗೆ ತಣ್ಣನೆಯ ಕುಡಿಯುವ ನೀರು ಕೊಡಬೇಕೆಂದೂ ಅದರಲ್ಲಿತ್ತು. ಕಾಯಿದೆಗಳ ಹೆಸರು ಬದಲಾಗುತ್ತದೆ, ದುಡಿಯುವವನ ಮೈ ಬದಲಾಗುವುದಿಲ್ಲ. ಒದ್ದೆ ಉಷ್ಣಮಾಪಕ ಗೊತ್ತಾದ ಅಂಕಿ ಮುಟ್ಟಿದೊಡನೆ ಕೂಲಿ ಕಡಿಯದೆ ವಿರಾಮ, ತಣ್ಣೀರು, ಗಾಳಿಯಂತ್ರ, ಸೂರಿಗೆ ಸುಣ್ಣ, ಇವು ನಮ್ಮ ಬೇಡಿಕೆಗಳು. ಪೇಟೆಯ ಬಂಧುಗಳಿಗೆ 2014ರ ಬೀದಿ ವ್ಯಾಪಾರಿಗಳ ಕಾಯಿದೆಯಿದೆ. ಅದರ ಪ್ರಕಾರ ಊರಿನ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರತಕ್ಕದ್ದು. ಸಂತೆಗೆ ನೆರಳು, ನೀರು, ಬಿಸಿಲೇರುವ ಮುಂಚೆ ವ್ಯಾಪಾರಕ್ಕೆ ಅವಕಾಶ ಇವುಗಳನ್ನು ಆ ಸಮಿತಿಯಲ್ಲಿ ಎತ್ತಬೇಕು. ನಗರಸಭೆಯ ಮುಂದೆ ನಾವು ಕೂಡಿಯೇ ಹೋಗೋಣ: ಬಿಸಿಲಿನ ಕಾರ್ಯಯೋಜನೆಯಲ್ಲಿ ಯಾವ ಬಣ್ಣಕ್ಕೆ ಯಾರು ಏನು ಮಾಡಬೇಕೆಂದು ಹೆಸರು ಹಿಡಿದು ಬರೆಯಿರಿ ಎಂದು ಕೇಳೋಣ.

ಇಷ್ಟರಿಂದ ಲೋಕದ ತಾಪ ಇಳಿಯುತ್ತದೆಯೇ ಎಂದು ಯಾರಾದರೂ ಕೇಳಬಹುದು. ಇದೊಂದರಿಂದ ಇಳಿಯದು. ಅದು ಇಳಿಯಬೇಕಾದರೆ ಕಲ್ಲಿದ್ದಲು ಎಣ್ಣೆಗಳ ಉರಿ ತಗ್ಗಬೇಕು. ಹೆಚ್ಚು ಸುಟ್ಟವರು ಮೊದಲು ತಗ್ಗಿಸಬೇಕು, ಆ ಬದಲಾವಣೆಯ ಭಾರ ಕೂಲಿಯವನ ಹೆಗಲಿಗೆ ಬೀಳಬಾರದು. ಅದು ದೊಡ್ಡ ಹೋರಾಟ. ಆದರೆ ತನ್ನ ಖಾತೆಯೊಳಗಿನ ತಾಪವನ್ನು ಅಳೆದು, ಬರೆದು, ನೇಯ್ದು, ಅದರ ಮೇಲೆ ಒಂದು ಲೋಟ ತಣ್ಣೀರನ್ನಾದರೂ ಗೆದ್ದ ಜನ ಆ ದೊಡ್ಡ ಹೋರಾಟದಲ್ಲಿ ಮಾತನಾಡಬಲ್ಲರು. ಅಳೆಯದವರು, ಬರೆಯದವರು ಇನ್ನೊಬ್ಬರು ಹೇಳಿದ್ದನ್ನು ಕೇಳಿಕೊಂಡು ಕೂರಬೇಕಾಗುತ್ತದೆ.

ಬೇಸಗೆ ಬರುವ ಮುಂಚೆ ಮೂರೂ ಕೆಲಸಗಳಿಗೆ ಹೆಸರು ಕೊಡುವವರು ಈ ಸಭೆ ಮುಗಿಯುವುದರೊಳಗೆ ಮುಂದೆ ಬರಬೇಕೆಂದು ಕೇಳಿಕೊಳ್ಳುತ್ತೇವೆ. ಉಷ್ಣಮಾಪಕಕ್ಕೆ ಹಣ ಸಂಘದ ಪೆಟ್ಟಿಗೆಯಿಂದ ಬರುತ್ತದೆ. ನೂಲನ್ನು ಮಾತ್ರ ನಿಮ್ಮ ನಿಮ್ಮ ಮನೆಗಳಿಂದ ತನ್ನಿ.